ಕಾಸ್ಮೆಟಿಕ್ ಸರ್ಜರಿ: ಯಾವುದು ಯಾರಿಗೆ, ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಬೇಕು

ಬೆಂಗಳೂರಿನಲ್ಲಿ ಕಾಸ್ಮೆಟಿಕ್ ಸರ್ಜರಿ ಈಗ ಗುಟ್ಟಿನ ವಿಷಯವಾಗಿ ಉಳಿದಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವನು ಎರಡು ವಾರ ಮನೆಯಿಂದಲೇ ಕೆಲಸ ಮಾಡಿ, ಆಮೇಲೆ ತಲೆಗೆ ಟೋಪಿ ಹಾಕಿಕೊಂಡು ಬಂದರೆ ಏನಾಗಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಯಾರೂ ಕೇಳುವುದಿಲ್ಲ, ಅಷ್ಟೇ. ಜಯನಗರ, ಇಂದಿರಾನಗರ, ಎಚ್‌ಎಸ್‌ಆರ್ ಲೇಔಟ್, ಎಲ್ಲಿ ಹೋದರೂ ಒಂದು ಸ್ಕಿನ್ ಕ್ಲಿನಿಕ್ ಕಣ್ಣಿಗೆ ಬೀಳುತ್ತದೆ. ಫೋನ್ ತೆಗೆದರೆ ಇಎಂಐ ಜಾಹೀರಾತು.

ತೊಂದರೆ ಏನೆಂದರೆ, ಹೆಚ್ಚಿನವರು ಆಪರೇಷನ್ ಹೆಸರನ್ನು ತಾವೇ ತೀರ್ಮಾನ ಮಾಡಿಕೊಂಡು ಆಮೇಲೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ತೂಕ ಇಳಿಸಬೇಕು ಅಂತ ಲೈಪೋಸಕ್ಷನ್, ಅಂದರೆ ನಳಿಗೆಯಲ್ಲಿ ಕೊಬ್ಬು ಎಳೆದು ತೆಗೆಯುವ ಆಪರೇಷನ್ ಕೇಳುತ್ತಾರೆ. ಕಣ್ಣಿನ ಕೆಳಗೆ ಕಪ್ಪಾಗಿದೆ ಅಂತ ರೆಪ್ಪೆಯ ಆಪರೇಷನ್ ಕೇಳುತ್ತಾರೆ. ಇನ್ನೂ ಡಿಗ್ರಿ ಮುಗಿಸದ ಹುಡುಗ ಹಣೆಯ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ ಅಂತ ಕೂದಲು ಕಸಿಗೆ ಮುಂಗಡ ಕಟ್ಟುತ್ತಾನೆ. ಈ ಮೂವರಿಗೂ ಒಳ್ಳೆಯ ಸರ್ಜನ್ ಹೇಳುವುದು 'ಬೇಡ' ಅಂತಲೇ. ಹಾಗಾಗಿ ಕ್ಲಿನಿಕ್ ಬಾಗಿಲು ತಟ್ಟುವ ಮೊದಲು ಏನು ಮಾಡಬೇಕು, ಯಾವ ಆಪರೇಷನ್ ಯಾರಿಗೆ ಹೊಂದುತ್ತದೆ, ಯಾರು ದೂರ ಇರಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ದೂರನ್ನು ಒಂದು ಸಾಲಿನಲ್ಲಿ ಬರೆಯಿರಿ

'ಮುಖ ಚೆನ್ನಾಗಿಲ್ಲ' ಅನ್ನುವುದು ದೂರಲ್ಲ. ಅದಕ್ಕೆ ಯಾವ ಸರ್ಜನ್ ಹತ್ತಿರವೂ ಔಷಧ ಇಲ್ಲ. 'ಮೂಗಿನ ಮೇಲೆ ಗೂನಿದೆ, ಪಕ್ಕದಿಂದ ನೋಡಿದರೆ ಕಾಣುತ್ತದೆ' ಅನ್ನುವುದು ದೂರು. 'ಎರಡು ಹೆರಿಗೆ ಆದ ಮೇಲೆ ಹೊಟ್ಟೆಯ ಚರ್ಮ ಜೋತು ಬಿದ್ದಿದೆ' ಅನ್ನುವುದೂ ದೂರು. ಹೀಗೆ ಜಾಗ ಯಾವುದು, ಏನಾಗಿದೆ, ಯಾವಾಗಿನಿಂದ ಅಂತ ಬರೆಯಲು ಆಗದಿದ್ದರೆ ಇನ್ನೂ ಸ್ವಲ್ಪ ದಿನ ಸುಮ್ನೆ ಇರಿ.

ಸೆಲ್ಫಿ ನೋಡಿಕೊಂಡು ತೀರ್ಮಾನ ಮಾಡಲೇಬೇಡಿ. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದ ಫೋಟೊಗಿಂತ ಸುಮಾರು 30% ಅಗಲವಾಗಿ ಕಾಣುತ್ತದೆ. ಅಮೆರಿಕದ ಸಂಶೋಧಕರು 2018ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಯಾರಿಂದಾದರೂ ಐದಾರು ಅಡಿ ದೂರದಿಂದ, ಕಿಟಕಿಯ ಬೆಳಕಿನಲ್ಲಿ ಮುಂದಿನಿಂದ, ಎರಡೂ ಪಕ್ಕದಿಂದ ಫೋಟೊ ತೆಗೆಸಿ. ಅದನ್ನೇ ಡಾಕ್ಟರ್‌ಗೂ ತೋರಿಸಿ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಇದು ಯಾರಿಗೆ ಬೇಕಾಗಿದೆ? ಹುಡುಗನ ಕಡೆಯವರು ಏನೋ ಅಂದರು, ಅತ್ತೆ ಏನೋ ಅಂದರು ಅಂತ ಚಾಕುವಿನ ಕೆಳಗೆ ಹೋಗುವ ಹೆಣ್ಣುಮಕ್ಕಳು ನಮ್ಮಲ್ಲಿ ಇದ್ದಾರೆ. ಅಂಥ ಮಾತು ಆಡುವವರು ಮೂಗು ಸರಿಯಾದ ಮೇಲೆ ಬಣ್ಣದ ವಿಷಯ ಎತ್ತುತ್ತಾರೆ. ಆಪರೇಷನ್ ಬೇಕು ಅಂತ ನಿಮಗೇ, ಕನಿಷ್ಠ ಕೆಲವು ತಿಂಗಳು ಬಿಡದೆ ಅನ್ನಿಸಿರಬೇಕು. ಈಗಷ್ಟೇ ಮದುವೆ ಮುರಿದಿದೆ, ಕೆಲಸ ಹೋಗಿದೆ, ಮನೆಯಲ್ಲಿ ಸಾವಾಗಿದೆ ಅನ್ನುವ ಹೊತ್ತಿನಲ್ಲಿ ಇಂಥ ತೀರ್ಮಾನ ಬೇಡ.

ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುವುದು, ಬೇರೆ ಯಾರಿಗೂ ಕಾಣದ ಕೊರತೆ ನಿಮಗೆ ಮಾತ್ರ ದೊಡ್ಡದಾಗಿ ಕಾಣುವುದು, ಅದರಿಂದ ಹೊರಗೆ ಹೋಗುವುದನ್ನೇ ನಿಲ್ಲಿಸುವುದು, ಇವೆಲ್ಲ ಇದ್ದರೆ ಅದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಇರಬಹುದು. ಇದಕ್ಕೆ ಆಪರೇಷನ್ ಮಾಡಿದರೆ ಸಮಾಧಾನ ಸಿಗುವುದಿಲ್ಲ, ದೂರು ಇನ್ನೊಂದು ಜಾಗಕ್ಕೆ ಹೋಗುತ್ತದೆ. ಚಿಕಿತ್ಸೆ ಇದೆ, ಅದು ಮನೋವೈದ್ಯರ ಹತ್ತಿರ. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಹೆಜ್ಜೆ: ದೂರಿಗೆ ತಕ್ಕ ಆಪರೇಷನ್ ಯಾವುದು ನೋಡಿ

ಜಾಸ್ತಿ ಜನ ಕೇಳುವ ಕೂದಲಿನಿಂದಲೇ ಶುರು ಮಾಡೋಣ.

ಕೂದಲು ಕಸಿಯಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ. ತಲೆಯ ಹಿಂಭಾಗದಲ್ಲಿ ಇರುವ ಗಟ್ಟಿ ಕೂದಲನ್ನು ಬೇರು ಸಮೇತ ತೆಗೆದು ಮುಂದೆ ನೆಡುತ್ತಾರೆ. ಒಂದೊಂದೇ ಬೇರು ತೆಗೆದರೆ ಎಫ್‌ಯುಇ, ಒಂದು ಪಟ್ಟಿ ಚರ್ಮ ಕತ್ತರಿಸಿ ಅದರಿಂದ ಬೇರು ಬಿಡಿಸಿದರೆ ಎಫ್‌ಯುಟಿ. ಎರಡನೆಯದರಲ್ಲಿ ಹಿಂದೆ ಗೆರೆಯಂತೆ ಕಲೆ ಉಳಿಯುತ್ತದೆ, ಮೊದಲನೆಯದರಲ್ಲಿ ಚುಕ್ಕೆ ಚುಕ್ಕೆ. ಹಿಂಭಾಗದ ದಾಸ್ತಾನು ಒಂದೇ ಸಲಕ್ಕೆ ಸಿಗುವಂಥದ್ದು, ಖರ್ಚಾದರೆ ಮತ್ತೆ ಬರುವುದಿಲ್ಲ. ಅದಕ್ಕೇ 25 ದಾಟದ ಹುಡುಗರಿಗೆ ಸಾಮಾನ್ಯವಾಗಿ ಕಾಯಿರಿ ಅನ್ನುತ್ತಾರೆ. ಕೂದಲು ಎಲ್ಲಿಯವರೆಗೆ ಉದುರುತ್ತದೆ ಅಂತ ಆ ವಯಸ್ಸಿಗೆ ಗೊತ್ತಾಗಿರುವುದಿಲ್ಲ. ಈಗ ಮುಂದೆ ಒಂದು ಸಾಲು ನೆಟ್ಟರೆ, ಐದು ವರ್ಷ ಆದ ಮೇಲೆ ಅದರ ಹಿಂದಿನದೆಲ್ಲ ಉದುರಿ ನೆಟ್ಟ ಸಾಲು ಮಾತ್ರ ದ್ವೀಪದಂತೆ ನಿಲ್ಲುತ್ತದೆ.

ಹೊಂದುವುದು ಯಾರಿಗೆ? ಗಂಡಸರ ಮಾಮೂಲಿ ಬಕ್ಕತನ ಇದ್ದು, ಉದುರುವುದು ಒಂದು ಹದಕ್ಕೆ ನಿಂತು, ಹಿಂದೆ ದಟ್ಟವಾಗಿ ಕೂದಲು ಇರುವವರಿಗೆ. ನಾಣ್ಯದಂತೆ ಗುಂಡಗೆ ಉದುರುವ ಅಲೋಪೇಶಿಯಾ ಏರಿಯಾಟಾ ಇದ್ದವರಿಗೆ ಇದು ಅಲ್ಲ. ತಲೆಯೆಲ್ಲ ತೆಳ್ಳಗಾಗುತ್ತಿರುವ ಹೆಣ್ಣುಮಕ್ಕಳು ಮೊದಲು ಥೈರಾಯ್ಡ್, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ, ಚರ್ಮದ ಡಾಕ್ಟರ್ ನೋಡಿ. ನೆಟ್ಟ ಕೂದಲು ಎರಡು ಮೂರು ವಾರದಲ್ಲಿ ಉದುರುತ್ತದೆ. ಗಾಬರಿ ಬೇಡ, ಬೇರು ಒಳಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರಲು ಶುರು, ಪೂರ್ತಿ ಫಲ ಕಾಣಲು ಒಂದು ವರ್ಷ. ಅದರ ಜೊತೆ ಮಿನಾಕ್ಸಿಡಿಲ್ ಅಥವಾ ಫಿನಾಸ್ಟರೈಡ್ ಥರದ ಔಷಧ ಬಹಳ ಜನರಿಗೆ ಮುಂದುವರಿಸಬೇಕಾಗುತ್ತದೆ. ಜಾಹೀರಾತಿನಲ್ಲಿ ಈ ಮಾತು ಇರುವುದಿಲ್ಲ.

ಗಂಡಸರ ಎದೆ ಉಬ್ಬುವುದು, ಅಂದರೆ ಗೈನೆಕೊಮಾಸ್ಟಿಯಾ. ಇದರ ಬಗ್ಗೆ ನಮ್ಮ ಹುಡುಗರು ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಟೀ ಶರ್ಟ್ ಮೇಲೆ ಶರ್ಟ್ ಹಾಕಿಕೊಂಡು ಏಪ್ರಿಲ್ ಬಿಸಿಲಲ್ಲೂ ಓಡಾಡುತ್ತಾರೆ, ಈಜಲು ಕರೆದರೆ ಏನಾದರೂ ನೆಪ ಹೇಳುತ್ತಾರೆ. ಹರೆಯದಲ್ಲಿ ಇದು ತೀರಾ ಸಾಮಾನ್ಯ. ಬಹುಪಾಲು ಹುಡುಗರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಹಾಗಾಗಿ 18 ಆಗುವ ತನಕ ಕಾಯುವುದು ಒಳ್ಳೆಯದು. ಆಮೇಲೂ ಮೊಲೆತೊಟ್ಟಿನ ಹಿಂದೆ ರಬ್ಬರ್ ಬಿಲ್ಲೆಯಂಥ ಗಂಟು ಕೈಗೆ ಸಿಕ್ಕರೆ ಅದು ಗ್ರಂಥಿ. ಎಷ್ಟು ಪುಷಪ್ ಹೊಡೆದರೂ ಕರಗುವುದಿಲ್ಲ. ಲೈಪೋಸಕ್ಷನ್‌ನಲ್ಲಿ ಕೊಬ್ಬು ಎಳೆದು, ತೊಟ್ಟಿನ ಸುತ್ತಲಿನ ಕಪ್ಪಿನ ಅಂಚಿನಲ್ಲಿ ಸಣ್ಣಗೆ ಕೊಯ್ದು ಗ್ರಂಥಿ ತೆಗೆಯುತ್ತಾರೆ. ಹೆಚ್ಚಾಗಿ ಅದೇ ದಿನ ಅಥವಾ ಮರುದಿನ ಮನೆಗೆ. ನಾಲ್ಕರಿಂದ ಆರು ವಾರ ಬಿಗಿ ಬನಿಯನ್ ಹಾಕಬೇಕು, ಅಷ್ಟು ದಿನ ಎದೆಯ ಕಸರತ್ತು ಇಲ್ಲ.

ಅದಕ್ಕೂ ಮೊದಲು ಕಾರಣ ಹುಡುಕಬೇಕು. ಜಿಮ್‌ನಲ್ಲಿ ಯಾರೋ ಕೊಟ್ಟ ಸ್ಟೆರಾಯ್ಡ್, ಕೆಲವು ಬಿಪಿ ಮತ್ತು ಹೃದಯದ ಮಾತ್ರೆ, ಕುಡಿತದಿಂದ ಕೆಟ್ಟ ಲಿವರ್, ಹಾರ್ಮೋನ್ ಏರುಪೇರು, ಇವೆಲ್ಲದರಿಂದಲೂ ಎದೆ ಉಬ್ಬುತ್ತದೆ. ಕಾರಣ ಹಾಗೇ ಉಳಿದರೆ ಮತ್ತೆ ಬರಬಹುದು. ಒಂದೇ ಕಡೆ, ಗಟ್ಟಿಯಾಗಿ, ನೋವಿಲ್ಲದ ಗಂಟು ಇದ್ದರೆ ಕಾಸ್ಮೆಟಿಕ್ ಮಾತು ಬಿಟ್ಟು ತಕ್ಷಣ ಸರ್ಜನ್‌ಗೆ ತೋರಿಸಿ. ಸ್ತನ ಕ್ಯಾನ್ಸರ್ ಅಪರೂಪವಾಗಿ ಗಂಡಸರಿಗೂ ಬರುತ್ತದೆ.

ಈಗ ಹೊಟ್ಟೆ. ಇಲ್ಲಿ ಗೊಂದಲ ಜಾಸ್ತಿ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಟ್ಟೆ ದಪ್ಪ ಕಾಣಲು ನಾಲ್ಕು ಕಾರಣ ಇರುತ್ತವೆ. ಚರ್ಮದ ಕೆಳಗಿನ ಕೊಬ್ಬು. ಕರುಳಿನ ಸುತ್ತ ಒಳಗೆ ಸೇರಿದ ಕೊಬ್ಬು. ಜೋತು ಬಿದ್ದ ಚರ್ಮ. ಮತ್ತೆ, ಹೆರಿಗೆಯಲ್ಲಿ ಎಡಕ್ಕೂ ಬಲಕ್ಕೂ ಸರಿದು ಮಧ್ಯೆ ಸಡಿಲಾದ ಹೊಟ್ಟೆಯ ಸ್ನಾಯು. ಲೈಪೋಸಕ್ಷನ್ ಸರಿಪಡಿಸುವುದು ಮೊದಲನೆಯದನ್ನು ಮಾತ್ರ. ನಿಂತುಕೊಂಡು ಹೊಟ್ಟೆಯನ್ನು ಚಿವುಟಿ ನೋಡಿ. ಕೈಗೆ ಮೆತ್ತಗೆ ದಪ್ಪನೆಯ ಮಡಿಕೆ ಸಿಕ್ಕರೆ ಅದು ಹೊರಗಿನ ಕೊಬ್ಬು. ಚಿವುಟಲು ಏನೂ ಸಿಗದೆ ಹೊಟ್ಟೆ ಮಾತ್ರ ಗಟ್ಟಿಯಾಗಿ ಮುಂದೆ ಬಂದಿದ್ದರೆ, ನಮ್ಮ ನಲವತ್ತು ದಾಟಿದ ಗಂಡಸರಲ್ಲಿ ಬಹಳಷ್ಟು ಜನರದ್ದು ಹೀಗೇ, ಅದು ಒಳಗಿನ ಕೊಬ್ಬು. ಲೈಪೋಸಕ್ಷನ್ ನಳಿಗೆ ಅಲ್ಲಿಗೆ ಹೋಗುವುದೇ ಇಲ್ಲ. ಅದಕ್ಕೆ ಊಟ, ನಡಿಗೆ, ಸಕ್ಕರೆ ಕಾಯಿಲೆಯ ತಪಾಸಣೆ.

ಲೈಪೋಸಕ್ಷನ್‌ಗೆ ಮೊದಲು ಸಲೈನ್ ಜೊತೆ ಮರಗಟ್ಟಿಸುವ ಲಿಗ್ನೊಕೇನ್, ರಕ್ತ ಜಾಸ್ತಿ ಹೋಗದಂತೆ ಅಡ್ರಿನಲಿನ್ ಬೆರೆಸಿ ಕೊಬ್ಬಿನೊಳಗೆ ತುಂಬಿಸುತ್ತಾರೆ, ಆಮೇಲೆ ನಳಿಗೆಯಲ್ಲಿ ಎಳೆಯುತ್ತಾರೆ. ಒಂದು ಸಲಕ್ಕೆ 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣದ್ದು ಅಂತ ಲೆಕ್ಕ ಹಾಕುತ್ತಾರೆ. ಆಗ ಅಪಾಯವೂ ದೊಡ್ಡದು, ಆಸ್ಪತ್ರೆಯಲ್ಲಿ ರಾತ್ರಿ ಉಳಿಯಲೇಬೇಕು. 'ಒಂದೇ ದಿನದಲ್ಲಿ ಹತ್ತು ಕಿಲೋ ಇಳಿಸಿ' ಅನ್ನುವ ಜಾಗದಿಂದ ಎದ್ದು ಬನ್ನಿ. ತೂಕ ಆರು ತಿಂಗಳಿಂದ ಏರಿಳಿಯದೆ ಇರುವ, ಚರ್ಮ ಬಿಗಿಯಾಗಿರುವ, ಒಂದೆರಡು ಜಾಗದಲ್ಲಿ ಮಾತ್ರ ಹಠ ಹಿಡಿದ ಕೊಬ್ಬು ಇರುವವರಿಗೆ ಇದು ಸರಿ. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 30 ದಾಟಿದವರು ಮೊದಲು ತೂಕ ಇಳಿಸಿ ಬರುವುದು ಲೇಸು.

ಜೋತು ಬಿದ್ದ ಚರ್ಮ, ಸಡಿಲಾದ ಸ್ನಾಯು ಇದ್ದರೆ ಬೇಕಾಗುವುದು ಟಮ್ಮಿ ಟಕ್, ಅಂದರೆ ಜಾಸ್ತಿಯಾದ ಚರ್ಮ ಕತ್ತರಿಸಿ ಸ್ನಾಯು ಬಿಗಿ ಮಾಡುವುದು. ಇದು ದೊಡ್ಡ ಆಪರೇಷನ್. ಕೆಳಹೊಟ್ಟೆಯಲ್ಲಿ ಸೊಂಟದ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಕಲೆ ಉಳಿಯುತ್ತದೆ, ಸೀರೆಯ ನೆರಿಗೆ ಸಿಗಿಸುವ ಜಾಗಕ್ಕಿಂತ ಕೆಳಗೆ. ಹಳೆಯ ಸಿಸೇರಿಯನ್ ಕಲೆ ಹೆಚ್ಚಾಗಿ ಇದರಲ್ಲೇ ಸೇರಿಹೋಗುತ್ತದೆ. ಕೆಲವು ದಿನ ಬಗ್ಗಿಯೇ ನಡೆಯಬೇಕು. ಆರು ವಾರ ಭಾರ ಎತ್ತುವಂತಿಲ್ಲ. ಭಾರ ಅಂದರೆ ನೀರಿನ ಕ್ಯಾನ್ ಮಾತ್ರ ಅಲ್ಲ, ಎರಡು ವರ್ಷದ ಮಗುವೂ ಭಾರವೇ. ಮನೆಯಲ್ಲಿ ಕೈ ಜೋಡಿಸುವವರು ಇಲ್ಲದಿದ್ದರೆ ದಿನಾಂಕ ಗೊತ್ತು ಮಾಡಬೇಡಿ. ಇನ್ನೊಂದು ಮಗು ಬೇಕು ಅಂತಿದ್ದರೆ ಅದಾದ ಮೇಲೆ ಮಾಡಿಸಿ. ಸ್ನಾಯು ಮಾತ್ರ ಸ್ವಲ್ಪ ಸಡಿಲಾಗಿದೆ ಅನ್ನುವವರು ಮೊದಲು ಫಿಸಿಯೊಥೆರಪಿ ಮಾಡಿ ನೋಡಿ. ತೂಕ ಇಳಿಸಲು ಜಠರಕ್ಕೆ ಮಾಡುವ ಬೇರಿಯಾಟ್ರಿಕ್ ಸರ್ಜರಿ ಆದವರು ಒಂದು, ಒಂದೂವರೆ ವರ್ಷ ಕಾದು ತೂಕ ನಿಂತ ಮೇಲೆ ಬರಬೇಕು.

ಮೂಗಿನ ಆಪರೇಷನ್, ಅಂದರೆ ರೈನೊಪ್ಲಾಸ್ಟಿ, ಈ ಎಲ್ಲದರಲ್ಲೂ ಹಳೆಯದು. ಸುಶ್ರುತ ಸಂಹಿತೆಯಲ್ಲೇ ವಿವರ ಇದೆ. ನಮ್ಮ ನೆಲಕ್ಕೂ ಇದಕ್ಕೂ ಒಂದು ನಂಟಿದೆ. 1792ರ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುವವನೊಬ್ಬ ಸೆರೆ ಸಿಕ್ಕು ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಕಡೆ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಕೂರಿಸಿದ ವಿವರ, ಚಿತ್ರ ಸಮೇತ, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಯುರೋಪಿನ ಸರ್ಜನ್‌ಗಳು ಆ ವಿದ್ಯೆಯನ್ನು ಅದನ್ನು ನೋಡಿ ಕಲಿತರು. ಇವತ್ತಿಗೂ ಹಣೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಬಳಕೆಯಲ್ಲಿದೆ.

ಅದಿರಲಿ. ಈಗಿನ ಕಾಸ್ಮೆಟಿಕ್ ಮೂಗಿನ ಆಪರೇಷನ್‌ಗೆ ಮೂಗಿನ ಬೆಳವಣಿಗೆ ನಿಂತಿರಬೇಕು. ಹುಡುಗಿಯರಿಗೆ ಸುಮಾರು 16, ಹುಡುಗರಿಗೆ 17-18. ಗೂನು, ಸೊಟ್ಟ, ಅಗಲವಾದ ತುದಿ, ಇಂಥ ನಿರ್ದಿಷ್ಟ ದೂರು ಇರುವವರಿಗೆ ಹೊಂದುತ್ತದೆ. ನಟಿಯ ಫೋಟೊ ತಂದು 'ಇಂಥದ್ದೇ ಬೇಕು' ಅನ್ನುವವರಿಗೆ ಹೊಂದುವುದಿಲ್ಲ, ಯಾಕೆಂದರೆ ಚರ್ಮದ ದಪ್ಪ, ಮೃದ್ವಸ್ಥಿ ನಿಮ್ಮದೇ ಆಗಿರುತ್ತದೆ. ಮೂಗಿನ ಮೇಲೆ ಸುಮಾರು ಒಂದು ವಾರ ಪಟ್ಟಿ, ಕಣ್ಣ ಸುತ್ತ ಎರಡು ವಾರ ನೀಲಿ. ತುದಿಯ ಬಾವು ಪೂರ್ತಿ ಇಳಿಯಲು ಒಂದು ವರ್ಷ ಬೇಕು. ಕನ್ನಡಕದವರು ನಾಲ್ಕರಿಂದ ಆರು ವಾರ ಅದನ್ನು ಮೂಗಿನ ಮೇಲೆ ಊರುವಂತಿಲ್ಲ. ಮೂಗುತಿ ಮೊದಲೇ ತೆಗೆಯಬೇಕು, ಮತ್ತೆ ಯಾವಾಗ ಅಂತ ಕೇಳಿಕೊಳ್ಳಿ. ಉಸಿರಾಟಕ್ಕೂ ತೊಂದರೆ ಇದ್ದರೆ ಮಧ್ಯದ ಗೋಡೆಯನ್ನು ಅದೇ ಸಲ ಸರಿ ಮಾಡಬಹುದು.

ಕಣ್ಣಿನ ರೆಪ್ಪೆ ಜೋತು ಬಿದ್ದು ನೋಟಕ್ಕೇ ಅಡ್ಡ ಬರುವ ಐವತ್ತು ದಾಟಿದವರಿಗೆ ಬ್ಲೆಫರೊಪ್ಲಾಸ್ಟಿ, ಅಂದರೆ ರೆಪ್ಪೆಯ ಆಪರೇಷನ್, ಒಳ್ಳೆಯದು. ಕೆಳಗಿನ ಚೀಲವನ್ನೂ ತೆಗೆಯುತ್ತಾರೆ. ಕಪ್ಪು ಬಣ್ಣ ಇದರಿಂದ ಹೋಗುವುದಿಲ್ಲ. ಕಣ್ಣು ಒಣಗುವ ತೊಂದರೆ ಇರುವವರು ಮೊದಲೇ ಹೇಳಬೇಕು.

ಸ್ತನದ ವಿಷಯದಲ್ಲಿ ಎರಡು ಬೇರೆ ಬೇರೆ ಆಪರೇಷನ್‌ಗಳಿವೆ. ಸ್ತನದ ಭಾರಕ್ಕೆ ಕತ್ತು, ಭುಜ, ಬೆನ್ನು ನೋಯುವವರು, ಬ್ರಾ ಪಟ್ಟಿ ಭುಜದಲ್ಲಿ ಗುಳಿ ಮಾಡಿದವರು, ಕೆಳಗೆ ಬೆವರಿ ಹುಣ್ಣಾಗುವವರು ಸ್ತನ ಕಿರಿದು ಮಾಡಿಸಿಕೊಳ್ಳಬಹುದು. ನನ್ನ ಅಭಿಪ್ರಾಯದಲ್ಲಿ ಈ ಪಟ್ಟಿಯಲ್ಲಿ ಬದುಕನ್ನು ಅತಿ ಹೆಚ್ಚು ಹಗುರ ಮಾಡುವ ಆಪರೇಷನ್ ಇದೇ, ಆದರೂ ನಾಚಿಕೆಯಿಂದ ಕೇಳುವವರು ಕಡಿಮೆ. ಮುಂದೆ ಮಗುವಿಗೆ ಹಾಲುಣಿಸಲು ಕಷ್ಟ ಆಗಬಹುದು, ಅದನ್ನು ಲೆಕ್ಕಕ್ಕೆ ತಗೊಳ್ಳಿ. ಇನ್ನು ಇಂಪ್ಲಾಂಟ್ ಇಟ್ಟು ದೊಡ್ಡದು ಮಾಡುವುದು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ, ಮುಂದೆ ಎಂದಾದರೂ ಬದಲಿಸುವ ಅಥವಾ ತೆಗೆಸುವ ಆಪರೇಷನ್ ಬರಬಹುದು. ಸುತ್ತ ಗಟ್ಟಿ ಪದರ ಕಟ್ಟಬಹುದು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳಿಗೂ ಲಿಂಫೋಮಾ ಅನ್ನುವ ಒಂದು ಅಪರೂಪದ ಕ್ಯಾನ್ಸರ್‌ಗೂ ನಂಟು ಕಂಡು, 2019ರಲ್ಲಿ ಒಂದು ದೊಡ್ಡ ಕಂಪನಿ ಜಗತ್ತಿನಾದ್ಯಂತ ಅವನ್ನು ವಾಪಸ್ ಕರೆಸಿಕೊಂಡಿತು. ಹಾಕಿಸುವುದಾದರೆ ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರುವ ಕಾರ್ಡ್ ಕೇಳಿ ಇಟ್ಟುಕೊಳ್ಳಿ.

ಸಣ್ಣದೊಂದು ಹೇಳುತ್ತೇನೆ, ಯಾರೂ ಜಾಹೀರಾತು ಕೊಡದ್ದು. ಭಾರದ ಜುಮುಕಿ ಹಾಕಿ ಹಾಕಿ ಕಿವಿ ತೂತು ಇಳಿದು, ಕೊನೆಗೆ ಹಾಲೆ ಸೀಳಿಹೋದ ಅಮ್ಮಂದಿರು, ಅಜ್ಜಿಯರು ನಮ್ಮಲ್ಲಿ ಎಷ್ಟು ಜನ! ಜಾಗಕ್ಕೆ ಮಾತ್ರ ಮರಗಟ್ಟಿಸಿ ಸ್ವಲ್ಪ ಹೊತ್ತಿನಲ್ಲಿ ಹೊಲಿದು ಕಳಿಸುತ್ತಾರೆ, ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ಎರಡು ಮೂರು ತಿಂಗಳು ಬಿಟ್ಟು, ಕಲೆಯ ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಬಹುದು. ಆದರೆ ಗಾಯವಾದ ಕಡೆಯೆಲ್ಲ ಉಬ್ಬಿ ಬೆಳೆಯುವ ಕೀಲಾಯ್ಡ್ ಕಲೆ ನಿಮಗೆ ಅಥವಾ ಮನೆಯವರಿಗೆ ಇದ್ದರೆ ಮೊದಲೇ ತಿಳಿಸಿ. ನಮ್ಮಂಥ ಮೈಬಣ್ಣದವರಲ್ಲಿ ಇದು ಜಾಸ್ತಿ. ಕಿವಿ, ಎದೆ, ಭುಜ ಅದರ ಮೆಚ್ಚಿನ ಜಾಗಗಳು.

ಬೊಟಾಕ್ಸ್, ಫಿಲ್ಲರ್ ಆಪರೇಷನ್ ಅಲ್ಲ, ಚುಚ್ಚುಮದ್ದು. ಬೊಟಾಕ್ಸ್ ಹಣೆಯ ಗೆರೆಗೆ, ಮೂರು ನಾಲ್ಕು ತಿಂಗಳು ನಿಲ್ಲುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಬೇಡ. ಫಿಲ್ಲರ್ ಗುಳಿ ಬಿದ್ದ ಜಾಗ ತುಂಬಿಸಲು. ಅದು ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಹಾಗಾದಾಗ ಹಯಲುರೊನಿಕ್ ಆಸಿಡ್ ಫಿಲ್ಲರನ್ನು ಕರಗಿಸುವ ಹಯಲುರೊನಿಡೇಸ್ ಕೈಗೆಟಕುವ ಹಾಗೆ ಇರಬೇಕು. ಇದೆಯಾ ಅಂತ ಕೇಳಿ. ಬ್ಯೂಟಿ ಪಾರ್ಲರಿನಲ್ಲಿ ಇದನ್ನು ಚುಚ್ಚಿಸಿಕೊಳ್ಳುವ ಧೈರ್ಯ ಕೆಲವರಿಗೆ ಎಲ್ಲಿಂದ ಬರುತ್ತದೋ ಗೊತ್ತಿಲ್ಲ.

ಬೆಳ್ಳಗಾಗುವ ಆಪರೇಷನ್? ಇಲ್ಲ.

ಮೂರನೇ ಹೆಜ್ಜೆ: ಡಾಕ್ಟರ್ ಯಾರು ಅಂತ ನೋಡಿ, ಬೋರ್ಡ್ ನೋಡಬೇಡಿ

ಪ್ಲಾಸ್ಟಿಕ್ ಸರ್ಜನ್ ಆಗಲು ಎಂಬಿಬಿಎಸ್ ಆದ ಮೇಲೆ ಸಾಮಾನ್ಯವಾಗಿ ಎಂಎಸ್ ಜನರಲ್ ಸರ್ಜರಿ, ಅದಾದ ಮೇಲೆ ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಓದಬೇಕು. ಹೆಸರಿನ ಮುಂದೆ ಈ ಅಕ್ಷರಗಳಿವೆಯಾ ನೋಡಿ. 'ಕಾಸ್ಮೆಟಾಲಜಿಸ್ಟ್', 'ಏಸ್ಥೆಟಿಕ್ ಫಿಸಿಶಿಯನ್' ಅಂತ ಮಾತ್ರ ಇದ್ದರೆ ಅದು ಕೆಲವೇ ವಾರದ ಕೋರ್ಸ್ ಕೂಡ ಆಗಿರಬಹುದು. ಮೂಗಿಗೆ ಆ ಕೆಲಸ ಕಲಿತ ಇಎನ್‌ಟಿ ಸರ್ಜನ್, ರೆಪ್ಪೆಗೆ ಆಕ್ಯುಲೊಪ್ಲಾಸ್ಟಿ ಕಲಿತ ಕಣ್ಣಿನ ಡಾಕ್ಟರ್, ಬೊಟಾಕ್ಸ್ ಮತ್ತು ಲೇಸರ್‌ಗೆ ಚರ್ಮದ ಎಂಡಿ ಡಾಕ್ಟರ್ ಸರಿಯೇ. ಕೂದಲು ಕಸಿಗೆ ಪ್ಲಾಸ್ಟಿಕ್ ಸರ್ಜನ್ ಅಥವಾ ತರಬೇತಿ ಪಡೆದ ಚರ್ಮದ ಡಾಕ್ಟರ್. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಯೂಟ್ಯೂಬ್ ಅಥವಾ ಕಾರ್ಯಾಗಾರದಲ್ಲಿ ನೋಡಿ ಕಲಿತದ್ದು ತರಬೇತಿ ಅನ್ನಿಸಿಕೊಳ್ಳುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಅದನ್ನೂ ಹೇಳಬೇಕಾಗಿ ಬಂತಲ್ಲ!

ಡಾಕ್ಟರ್ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿ. ಮುಖ್ಯವಾಗಿ, 'ಆಪರೇಷನ್ ಪೂರ್ತಿ ನೀವೇ ಮಾಡುತ್ತೀರಾ?' ಅಂತ ಮುಖ ನೋಡಿಯೇ ಕೇಳಿ. ಮೊದಲ ಭೇಟಿಯಲ್ಲಿ ಕೌನ್ಸೆಲರ್ ಮಾತ್ರ ಮಾತಾಡಿ, ಡಾಕ್ಟರ್ ಕಾಣಿಸದೆ, 'ಇವತ್ತೇ ಬುಕ್ ಮಾಡಿದರೆ ರಿಯಾಯಿತಿ' ಅಂದರೆ ಆ ಜಾಗ ಬಿಡಿ. ಎರಡು ಕಡೆ ಅಭಿಪ್ರಾಯ ತಗೊಳ್ಳಿ. ಒಬ್ಬರು ಬೇಡ ಅಂದರೆ ಯಾಕೆ ಅಂತ ಕೇಳಿ ಬರೆದುಕೊಂಡು, ಅದನ್ನೇ ಇನ್ನೊಬ್ಬರ ಮುಂದೆ ಇಡಿ.

ನಾಲ್ಕನೇ ಹೆಜ್ಜೆ: ಜಾಗ

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸುವ ಸರ್ಜರಿ ಮಾಡಿಸಿಕೊಂಡ 21 ವರ್ಷದ ಕನ್ನಡ ಕಿರುತೆರೆ ನಟಿ ತೀರಿಕೊಂಡರು. ಉಸಿರಾಟ ಕೆಟ್ಟ ಮೇಲೆ ಅವರನ್ನು ಬೇರೆ ಆಸ್ಪತ್ರೆಗೆ ಒಯ್ಯಬೇಕಾಯಿತು. ಆ ಸುದ್ದಿ ಕೇಳಿದವರೆಲ್ಲ ಸರ್ಜರಿಯನ್ನೇ ಬೈದರು. ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಟೇಬಲ್ ಮೇಲೆ ಏನಾದರೂ ಆದರೆ ಅದೇ ಕಟ್ಟಡದಲ್ಲಿ ಐಸಿಯು ಇದೆಯಾ? ನಮ್ಮ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಎರಡು ಕಿಲೋಮೀಟರ್ ಹೋಗಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು, ಅಲ್ವಾ.

ಪೂರ್ತಿ ಅರಿವಳಿಕೆ ಬೇಕಾದ ಯಾವುದೇ ಆಪರೇಷನ್‌ಗೆ ಅರಿವಳಿಕೆ ತಜ್ಞರು ಮೊದಲೇ ನಿಮ್ಮನ್ನು ನೋಡಿರಬೇಕು, ಆಪರೇಷನ್ ಮುಗಿಯುವ ತನಕ ಪಕ್ಕದಲ್ಲೇ ಇರಬೇಕು. ಕರ್ನಾಟಕದಲ್ಲಿ ಪ್ರತಿ ಖಾಸಗಿ ಕ್ಲಿನಿಕ್, ಆಸ್ಪತ್ರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಆ ಪ್ರಮಾಣಪತ್ರ ಕಾಣುವಂತೆ ಹಾಕಿರಬೇಕು. ರಿಸೆಪ್ಷನ್‌ನಲ್ಲಿ ಕಾಯುವಾಗ ಗೋಡೆ ಮೇಲಿನ 'ಮೊದಲು, ಆಮೇಲೆ' ಫೋಟೊ ಬಿಟ್ಟು ಅದನ್ನು ಓದಿ.

ಐದನೇ ಹೆಜ್ಜೆ: ದುಡ್ಡು

ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಅಂತ ಅಂದುಕೊಂಡಿರುತ್ತೇವೆ. ಕಾಸ್ಮೆಟಿಕ್ ಸರ್ಜರಿ, ಕೂದಲು ಕಸಿಗೆ ಆ ವಿನಾಯಿತಿ ಇಲ್ಲ, 18% ಬೀಳುತ್ತದೆ. ಒಂದು ಲಕ್ಷ ಅಂದದ್ದು 1,18,000 ಆಗುತ್ತದೆ. ಹುಟ್ಟಿನಿಂದ ಬಂದ ಊನ, ಅಪಘಾತ, ಗಾಯ ಸರಿಪಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಮಾತ್ರ ವಿನಾಯಿತಿ. ವಿಮೆಯೂ ಹೀಗೇ. ಅಂದಕ್ಕಾಗಿ ಮಾಡಿಸಿದ್ದಕ್ಕೆ ಹಣ ಬರುವುದಿಲ್ಲ, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮರುರೂಪ ಕೊಡುವುದಕ್ಕೆ ಬರುತ್ತದೆ. ಉಸಿರಾಟದ ತೊಂದರೆಗೆ ಮೂಗಿನ ಗೋಡೆ ಸರಿ ಮಾಡಿದರೆ ಆ ಭಾಗಕ್ಕೆ ಸಿಗಬಹುದು, ಪಾಲಿಸಿಯ ಕಾಯುವ ಅವಧಿ ನೋಡಿ.

ಬೆಲೆ ಕೇಳುವಾಗ ಸರ್ಜನ್, ಅರಿವಳಿಕೆ, ಥಿಯೇಟರ್, ರೂಮು, ರಕ್ತ ಪರೀಕ್ಷೆ, ಬಿಗಿ ಉಡುಪು, ಆಮೇಲಿನ ಭೇಟಿ, ಜಿಎಸ್‌ಟಿ ಎಲ್ಲ ಸೇರಿಸಿ ಬರೆದುಕೊಡಿ ಅನ್ನಿ. ಸರಿಹೋಗದಿದ್ದರೆ ಎರಡನೇ ಸಲದ ಖರ್ಚು ಯಾರದು ಅಂತಲೂ ಬರೆಸಿಕೊಳ್ಳಿ. ಕ್ಲಿನಿಕ್ ಕೊಡಿಸುವ ಇಎಂಐ ನಿಮ್ಮ ಹೆಸರಿನ ಸಾಲ. ಆಪರೇಷನ್ ರದ್ದಾದರೆ ಸಾಲ ತಾನಾಗಿ ರದ್ದಾಗುವುದಿಲ್ಲ. ಸೀಳುತುಟಿ, ಸುಟ್ಟ ಕಲೆ, ಅಪಘಾತದ ಊನ ಇರುವವರು ಸಾಲ ಮಾಡುವ ಮೊದಲು ವಿಕ್ಟೋರಿಯಾ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋಗಿ ಬನ್ನಿ. ಸೀಳುತುಟಿ ಮಕ್ಕಳಿಗೆ ಸ್ಮೈಲ್ ಟ್ರೈನ್ ಸಂಸ್ಥೆಯ ಜೊತೆಗಿರುವ ಆಸ್ಪತ್ರೆಗಳಲ್ಲಿ ಆಪರೇಷನ್ ಉಚಿತ.

ಆರನೇ ಹೆಜ್ಜೆ: ದಿನಾಂಕ ಮತ್ತು ತಯಾರಿ

ಆಷಾಢದಲ್ಲಿ ಮಾಡಿಸುವವರು ಬಹಳ ಜನ. ಮದುವೆ ಮುಂಜಿ ಇಲ್ಲ, ಸೆಖೆ ಕಡಿಮೆ, ಬಿಗಿ ಉಡುಪು ಹಾಕಿಕೊಂಡಿರಲು ಬೇಸಿಗೆಯಷ್ಟು ಹಿಂಸೆ ಇಲ್ಲ. ಒಳ್ಳೆಯ ಲೆಕ್ಕವೇ. ನಿಮ್ಮದೇ ಮದುವೆ ಇದ್ದರೆ ಮೂಗಿಗೆ ಕನಿಷ್ಠ ಆರು ತಿಂಗಳು, ಕೂದಲಿಗೆ ಒಂದು ವರ್ಷ ಮುಂಚೆ. ಸ್ಕೂಟರ್ ಓಡಿಸುವವರು ಹೆಲ್ಮೆಟ್ ಯಾವಾಗಿನಿಂದ ಹಾಕಬಹುದು ಅಂತ ತಪ್ಪದೆ ಕೇಳಿ. ಕೂದಲು ಕಸಿ ಆದ ಮೊದಲ ಒಂದೆರಡು ವಾರ, ಮೂಗಿನ ಆಪರೇಷನ್ ಆದ ಮೇಲೆ ಇನ್ನೂ ಜಾಸ್ತಿ ದಿನ ಅದು ಆಗದ ಮಾತು. ಹೆಲ್ಮೆಟ್ ಇಲ್ಲದೆ ಓಡಿಸುವಂತೆಯೂ ಇಲ್ಲ. ಅಷ್ಟು ದಿನ ಆಟೊ, ಮೆಟ್ರೋ.

ಸಿಗರೇಟ್ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಪೂರ್ತಿ ಬಂದ್. ನಿಕೋಟಿನ್ ರಕ್ತನಾಳ ಸಂಕುಚಿಸಿ ಗಾಯದ ಚರ್ಮ ಕಪ್ಪಾಗಿ ಸಾಯಬಹುದು, ಟಮ್ಮಿ ಟಕ್‌ನಲ್ಲಿ ಇದರ ಭಯ ಜಾಸ್ತಿ. ವೇಪ್ ಕೂಡ ಲೆಕ್ಕಕ್ಕೆ ಬರುತ್ತದೆ. ಆಸ್ಪಿರಿನ್, ನೋವಿನ ಮಾತ್ರೆ, ವಿಟಮಿನ್ ಇ, ಮೀನೆಣ್ಣೆ ಮಾತ್ರೆ, ಆಯುರ್ವೇದದ ಲೇಹ್ಯ, ಏನೇ ತಗೊಳ್ಳುತ್ತಿದ್ದರೂ ಹೇಳಿ. ಹೃದಯದ ಕಾರಣಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ನೀವಾಗೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ದಿನಾಂಕ ಮುಂದೂಡಿ. ಆ ದಿನ ಉಪವಾಸ ಹೇಳಿದಷ್ಟು ಹೊತ್ತು ಇರಬೇಕು. ಕಾಫಿ ಕುಡಿದು ಬಂದು ಸುಳ್ಳು ಹೇಳಿದರೆ ಅರಿವಳಿಕೆಯಲ್ಲಿ ಹೊಟ್ಟೆಯದ್ದು ಶ್ವಾಸಕೋಶಕ್ಕೆ ಹೋಗಬಹುದು.

ಏಳನೇ ಹೆಜ್ಜೆ: ಮನೆಗೆ ಬಂದ ಮೇಲೆ

ಬಾವು, ನೀಲಿ, ಸ್ವಲ್ಪ ನೋವು, ಮರಗಟ್ಟಿದ ಚರ್ಮ, ಎರಡನೇ ಮೂರನೇ ದಿನದ 'ಯಾಕಾದರೂ ಮಾಡಿಸಿದೆನೋ' ಅನ್ನುವ ಅಳು, ಇವೆಲ್ಲ ಮಾಮೂಲಿ. ಮಾಮೂಲಿ ಅಲ್ಲದ್ದು ಯಾವುದು ಅಂತ ಮನೆಯವರಿಗೂ ತಿಳಿಸಿಡಿ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಏದುಸಿರು, ಎದೆನೋವು, ಗೊಂದಲದ ಮಾತು, ಒಂದೇ ಕಡೆ ಥಟ್ಟನೆ ಉಬ್ಬುವುದು, ಚಳಿ ಜ್ವರ, ಗಾಯದಿಂದ ಕೆಟ್ಟ ವಾಸನೆ, ಚರ್ಮ ಕಪ್ಪಾಗುವುದು, ಕಣ್ಣು ಮಂಜಾಗುವುದು. ಏದುಸಿರು ಅಥವಾ ಎದೆನೋವು ಬಂದರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಡಾಕ್ಟರ್ ಹೇಳಿದ ದಿನದಿಂದಲೇ ಮನೆಯೊಳಗೆ ನಡೆಯಿರಿ. ಬಾಣಂತಿಯ ಹಾಗೆ ಮಲಗಿಸಿ ಆರೈಕೆ ಮಾಡುವ ಅತ್ತಿಗೆ, ಚಿಕ್ಕಮ್ಮಂದಿರಿಗೆ ಇದನ್ನು ಮೊದಲೇ ವಿವರಿಸಿ. ಕಲೆಗೆ ಬಿಸಿಲು ತಾಗಿಸಬೇಡಿ, ಅದು ಮಾಗಿ ಮಾಸಲು ಒಂದು ವರ್ಷ ಬೇಕು.

ಫಲ ಸರಿ ಬರಲಿಲ್ಲ ಅನ್ನಿಸಿದರೆ ಮೊದಲು ಅದೇ ಸರ್ಜನ್ ಹತ್ತಿರ ಹೋಗಿ. ಮೂಗನ್ನು ಮತ್ತೆ ಮುಟ್ಟುವ ಮೊದಲು ಸುಮಾರು ಒಂದು ವರ್ಷ ಕಾಯಬೇಕು. ನಿರ್ಲಕ್ಷ್ಯವೇ ಆಗಿದೆ ಅಂತ ಅನ್ನಿಸಿದರೆ ನಿಮ್ಮ ಪೂರ್ತಿ ದಾಖಲೆ ಬರಹದಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅನ್ನುವ ನಿಯಮ ಇದೆ. ಡಾಕ್ಟರ್ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕ್ ಮೇಲಿನದು ಜಿಲ್ಲೆಯ ಕೆಪಿಎಂಇ ಪ್ರಾಧಿಕಾರಕ್ಕೆ. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗ, ಅಲ್ಲಿಗೆ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೇ ಬಿಲ್ಲು, ಒಪ್ಪಿಗೆ ಪತ್ರದ ಪ್ರತಿ, ಮೊದಲು ಐದಡಿ ದೂರದಿಂದ ತೆಗೆಸಿದ ಆ ಫೋಟೊ, ಬೆಲೆ ಬರೆದುಕೊಟ್ಟ ಚೀಟಿ, ಕ್ಲಿನಿಕ್‌ನವರು ಕಳಿಸಿದ ವಾಟ್ಸಾಪ್ ಮೆಸೇಜು, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ.